ಎಸಿಪಿ ಪ್ಯಾನೆಲ್ ಮೇಲೆ ಗೀರು, ನೆಗ್ಗು: ಆಗಿದ್ದು ಶೆಡ್ಡಿನಲ್ಲೋ, ಲಾರಿಯಲ್ಲೋ, ಸೈಟಿನಲ್ಲೋ?

ಕಟ್ಟಡದ ಹೊರಗೋಡೆಗೆ ಎಸಿಪಿ, ಅಂದರೆ ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್, ಹಾಕುವ ಸೈಟಿನಿಂದ ಫೋನ್ ಬರುವುದು ಸಾಮಾನ್ಯವಾಗಿ ಸಂಜೆ ಹೊತ್ತಿಗೆ. ಇಳಿಬಿಸಿಲು ಗೋಡೆ ಮೇಲೆ ಓರೆಯಾಗಿ ಬಿದ್ದಾಗಲೇ ಗೀರು ಕಣ್ಣಿಗೆ ಬೀಳುವುದು. "ಪ್ಯಾನೆಲ್ ಮೇಲೆಲ್ಲ ಗೆರೆ ಇದೆ ಸರ್, ನಿಮ್ಮ ಶೆಡ್ಡಿನಿಂದಲೇ ಹೀಗೆ ಬಂದಿದೆ" ಅಂತ ಸೈಟ್ ಇಂಜಿನಿಯರ್ ಹೇಳುತ್ತಾರೆ. "ಲೋಡ್ ಮಾಡುವಾಗ ಚೆನ್ನಾಗಿತ್ತು, ಏರಿಸುವಾಗ ನಿಮ್ಮ ಹುಡುಗರೇ ಮಾಡಿರಬೇಕು" ಅಂತ ಶೆಡ್ಡಿನವರು. ಎರಡು ದಿನ ಇದೇ ವಾದ. ಮೂರನೇ ದಿನ ಹೊಸ ಶೀಟ್ ತರಿಸುವ ಮಾತು. ಗೀರು ಹೇಗಾಯಿತು ಅಂತ ಯಾರೂ ಹುಡುಕುವುದಿಲ್ಲ. ಮುಂದಿನ ಲೋಡಿನಲ್ಲೂ ಅದೇ ಗೀರು ಬರುತ್ತದೆ.

ನಾನು ಬೆಂಗಳೂರಿನ ಪೀಣ್ಯದಲ್ಲಿ ಈ ಪ್ಯಾನೆಲ್ ತಯಾರಿಸುವ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಈ ವಾದ ಬೇಕಾದಷ್ಟು ಸಲ ಕೇಳಿದ್ದೇನೆ, ನಾನೂ ಮಾಡಿದ್ದೇನೆ. ಈಗ ವಾದಕ್ಕೆ ಹೋಗುವುದಿಲ್ಲ. ಒಂದು ಟಾರ್ಚು, ಒಂದು ಟೇಪು ತೆಗೆದುಕೊಂಡು ಪ್ಯಾನೆಲ್ ಹತ್ತಿರ ಹೋಗುತ್ತೇನೆ. ಗುರುತನ್ನು ಸರಿಯಾದ ಕ್ರಮದಲ್ಲಿ ನೋಡಿದರೆ ಅದು ಎಲ್ಲಿ ಆಯಿತು ಅನ್ನುವುದು ಹೆಚ್ಚಿನ ಸಲ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಸ್ತು ಎಂಥದ್ದು ಅಂತ ಎರಡು ಮಾತು. ಕಟ್ಟಡದ ಹೊರಗೋಡೆಗೆ ಹಾಕುವ ಒಳ್ಳೆ ಎಸಿಪಿ ಶೀಟ್ 4 ಮಿಮೀ ದಪ್ಪ. ಎರಡೂ ಕಡೆ 0.5 ಮಿಮೀ ಅಲ್ಯೂಮಿನಿಯಂ ಹಾಳೆ, ನಡುವೆ 3 ಮಿಮೀ ತಿರುಳು, ಅದನ್ನೇ ಕೋರ್ ಅನ್ನುವುದು. ಮುಂಬದಿಯ ಪಿವಿಡಿಎಫ್ (ಬಿಸಿಲು, ಮಳೆ ತಡೆಯುವ ಒಂದು ಬಗೆಯ ಪ್ಲಾಸ್ಟಿಕ್) ಬಣ್ಣ 25 ಮೈಕ್ರಾನ್ ಆಸುಪಾಸು. ಅಂದರೆ ತಲೆಗೂದಲಿನ ಅರ್ಧ ದಪ್ಪವೂ ಇಲ್ಲ. ಅದರ ಮೇಲೆ ಕಾಯುವುದಕ್ಕೆ ಒಂದು ಪ್ಲಾಸ್ಟಿಕ್ ಫಿಲ್ಮ್. ಈ ಶೀಟನ್ನು ಹಿಂಬದಿಯಿಂದ ರೂಟರ್ ಅನ್ನುವ ಕೊರೆಯುವ ಯಂತ್ರದಲ್ಲಿ ಗ್ರೂವ್ (ಮಡಿಚುವುದಕ್ಕೆ ಉದ್ದನೆ ಕಾಲುವೆ) ಹೊಡೆದು, ನಾಲ್ಕೂ ಅಂಚು ಮಡಿಚಿ, ಮೂಲೆಗೆ ರಿವೆಟ್ ಹೊಡೆದರೆ ಮುಚ್ಚಳದ ಹಾಗೆ ಒಂದು ಕ್ಯಾಸೆಟ್ ಆಗುತ್ತದೆ. 1220 x 2440 ಮಿಮೀ ಶೀಟ್ ಮಾಮೂಲಿ ಕೋರ್‌ನದ್ದಾದರೆ 16 ಕೆಜಿ ಆಸುಪಾಸು ತೂಗುತ್ತದೆ. ಬೆಂಕಿ ತಡೆಯುವ ಕೋರ್‌ನದ್ದು 22 ಕೆಜಿ ದಾಟುತ್ತದೆ. ಈ ತೂಕ ನೆನಪಿರಲಿ. ಇಂಥ ಭಾರ ಹೊತ್ತವರು ಅದನ್ನು ಎಲ್ಲಾದರೂ ಒರಗಿಸಿಯೇ ಒರಗಿಸುತ್ತಾರೆ.

ಮೊದಲು ಫಿಲ್ಮ್ ನೋಡಿ, ಆಮೇಲೆ ಬಣ್ಣ

ದೂರು ಬಂದ ತಕ್ಷಣ ಎಲ್ಲರೂ ಮಾಡುವ ತಪ್ಪು ಒಂದೇ. ಫಿಲ್ಮನ್ನು ಪರ್ರನೆ ಕಿತ್ತು, ಉಂಡೆ ಮಾಡಿ ಎಸೆದು, ಬಣ್ಣದ ಮೇಲೆ ಕೈಯಾಡಿಸುವುದು. ದಯವಿಟ್ಟು ಹಾಗೆ ಮಾಡಬೇಡಿ. ಅರ್ಧ ಸಾಕ್ಷಿ ಆ ಫಿಲ್ಮ್ ಮೇಲೇ ಇರುತ್ತದೆ. ಗುರುತು ಇರುವ ಜಾಗದಲ್ಲಿ ಫಿಲ್ಮ್ ಇನ್ನೂ ಇದ್ದರೆ ಮೊದಲು ಅದರ ಫೋಟೋ ತೆಗೆಯಿರಿ. ಆಮೇಲೆ ಆ ಜಾಗದ ಫಿಲ್ಮನ್ನು ಮಾತ್ರ ನಿಧಾನವಾಗಿ ಎತ್ತಿ ಕೆಳಗೆ ನೋಡಿ.

ಫಿಲ್ಮೂ ಕತ್ತರಿಸಿದೆ, ಅದೇ ಜಾಗದಲ್ಲಿ ಬಣ್ಣವೂ ಗೀರಿದೆ ಅಂದರೆ ಫಿಲ್ಮ್ ಹಾಕಿದ ಮೇಲೆ ಯಾವುದೋ ಚೂಪಾದ ವಸ್ತು ತಾಗಿದೆ. ಇನ್ನೊಂದು ಶೀಟಿನ ಅಂಚು, ಕಟ್ಟರ್ ಬ್ಲೇಡು, ಬೆಲ್ಟಿನ ಬಕಲ್, ಸ್ಕ್ರೂ ತುದಿ. ಇದು ಶೆಡ್ಡಿನಲ್ಲೂ ಆಗಬಹುದು, ಸೈಟಿನಲ್ಲೂ ಆಗಬಹುದು. ಅದನ್ನು ಬಿಡಿಸುವುದಕ್ಕೆ ಅಳತೆ ಬೇಕು, ಮುಂದೆ ಹೇಳುತ್ತೇನೆ.

ಫಿಲ್ಮ್ ಕತ್ತರಿಸಿಲ್ಲ, ಆದರೆ ಕೆಳಗೆ ನೆಗ್ಗು ಇದೆ ಅಂದರೆ ಮೊಂಡಾದ ಏನೋ ಒತ್ತಿದೆ. ಇಲ್ಲವೇ ಸಣ್ಣ ಚೂರೊಂದು ಶೀಟ್ ಕೆಳಗೆ ಸಿಕ್ಕಿಹಾಕಿಕೊಂಡಿದೆ. ಇದರಲ್ಲಿ ಶೆಡ್ಡಿನ ಪಾಲು ಜಾಸ್ತಿ.

ಫಿಲ್ಮ್ ಪೂರ್ತಿ ಚೆನ್ನಾಗಿದೆ, ಕೆಳಗೆ ಬಣ್ಣ ಮಾತ್ರ ಗೀರಿದೆ ಅನ್ನುವುದು ತಲೆ ಕೆಡಿಸುವ ಸಂಗತಿ. ಇಲ್ಲಿ ಎರಡು ದಾರಿ ಇದೆ. ಒಂದು, ಗೀರು ಫಿಲ್ಮ್ ಅಂಟಿಸುವ ಮೊದಲೇ, ಅಂದರೆ ಶೀಟ್ ಮಾಡುವ ಫ್ಯಾಕ್ಟರಿಯಲ್ಲೇ ಆಗಿದೆ. ಇನ್ನೊಂದು, ಯಾರೋ ಫಿಲ್ಮ್ ಎತ್ತಿ ಮತ್ತೆ ಅಂಟಿಸಿದ್ದಾರೆ. ಎರಡನೆಯದನ್ನು ಹಿಡಿಯುವುದು ಸುಲಭ. ಮತ್ತೆ ಅಂಟಿಸಿದ ಫಿಲ್ಮಿನಲ್ಲಿ ಸುಕ್ಕು ಇರುತ್ತದೆ, ಗಾಳಿಗುಳ್ಳೆ ಇರುತ್ತದೆ, ಅಂಚಿನಲ್ಲಿ ಧೂಳು ಕೂತಿರುತ್ತದೆ. ಆ ಧೂಳೇ ಬಣ್ಣ ಗೀರುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ನಿಯಮ ಇದೆ: ಒಮ್ಮೆ ಎತ್ತಿದ ಫಿಲ್ಮನ್ನು ಮತ್ತೆ ಒತ್ತಿ ಕೂರಿಸುವಂತಿಲ್ಲ. ಎತ್ತಿದಷ್ಟನ್ನು ಕತ್ತರಿಸಿ ತೆಗೆದು, ಆ ಜಾಗವನ್ನು ಒರೆಸಿ ಹೊಸ ಫಿಲ್ಮ್ ಹಾಕಬೇಕು.

ಗೀರು ಅಥವಾ ಚುಕ್ಕೆ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಬರುತ್ತಿದೆಯಾ ಅಂತ ಶೀಟಿನ ಉದ್ದಕ್ಕೆ ಟೇಪು ಹಿಡಿದು ನೋಡಿ. ಬರುತ್ತಿದ್ದರೆ ಅದು ಕೈಯಿಂದ ಆದದ್ದಲ್ಲ, ರೋಲರ್‌ನಿಂದ ಆದದ್ದು. ರೋಲರ್ ಮೇಲೆ ಒಂದು ಕಸ ಅಂಟಿಕೊಂಡರೆ ಅದು ಸುತ್ತಿದಾಗಲೆಲ್ಲ ಒಂದು ಗುರುತು ಬೀಳುತ್ತದೆ. ಅಂತರವನ್ನು 3.14ರಿಂದ ಭಾಗಿಸಿದರೆ ರೋಲರ್‌ನ ಅಡ್ಡಳತೆ ಸಿಗುತ್ತದೆ. 628 ಮಿಮೀಗೊಂದು ಗುರುತಿದ್ದರೆ 200 ಮಿಮೀ ರೋಲರ್. ಈ ಲೆಕ್ಕ ಹಿಡಿದು ಶೀಟ್ ಕೊಟ್ಟವರ ಹತ್ತಿರ ಹೋದರೆ ಅವರಿಗೂ ತಮ್ಮ ಯಾವ ರೋಲರ್ ಅಂತ ಹುಡುಕುವುದಕ್ಕೆ ಆಗುತ್ತದೆ. ಆದರೆ ಒಂದು ಎಚ್ಚರ. ಇಂಥ ಶೀಟ್ ಸಿಕ್ಕಿದರೆ ಕತ್ತರಿಸಬೇಡಿ. ಪ್ಯಾಲೆಟ್ ಮೇಲಿನ ಲಾಟ್ ನಂಬರ್ ಚೀಟಿಯ ಜೊತೆ ಹಾಗೇ ಎತ್ತಿಡಿ. ಕತ್ತರಿಸಿದ ಮೇಲೆ ಯಾರೂ ಬದಲಿ ಕೊಡುವುದಿಲ್ಲ.

ಇನ್ನು ಫಿಲ್ಮ್ ತುಂಬ ಗೀರಿದೆ, ಕೆಳಗೆ ಬಣ್ಣಕ್ಕೆ ಏನೂ ಆಗಿಲ್ಲ ಅಂದರೆ ಸಂತೋಷ. ಫಿಲ್ಮ್ ತನ್ನ ಕೆಲಸ ಮಾಡಿದೆ.

ತಗ್ಗೋ, ಉಬ್ಬೋ?

ಇದು ಸಣ್ಣ ಪ್ರಶ್ನೆ, ಆದರೆ ನನಗೆ ಬೇರೆಲ್ಲಕ್ಕಿಂತ ಹೆಚ್ಚು ದಾರಿ ತೋರಿಸಿದ್ದು ಇದೇ. ಟಾರ್ಚನ್ನು ಪ್ಯಾನೆಲ್‌ಗೆ ಹತ್ತಿರ, ಬಹುತೇಕ ಅಡ್ಡಡ್ಡವಾಗಿ ಹಿಡಿಯಿರಿ. ನೆರಳು ಎಲ್ಲಿ ಬೀಳುತ್ತದೆ ನೋಡಿ. ಇಲ್ಲದಿದ್ದರೆ ಒಂದು ತೆಳು ಹತ್ತಿ ಬಟ್ಟೆ ಹಾಸಿ ಅದರ ಮೇಲೆ ಅಂಗೈ ಜಾರಿಸಿ. ಬರಿಗೈಗಿಂತ ಬಟ್ಟೆ ಮೇಲೆ ಚೆನ್ನಾಗಿ ಗೊತ್ತಾಗುತ್ತದೆ.

ಮುಂಬದಿಯಲ್ಲಿ ತಗ್ಗು ಇದ್ದರೆ ಮುಂಬದಿಗೇ ಏನೋ ತಾಗಿದೆ. ಉಬ್ಬು ಇದ್ದರೆ ಹಿಂಬದಿಯಿಂದ ಒತ್ತಿದೆ. ಉದ್ದ ಜಾಸ್ತಿಯಾದ ರಿವೆಟ್, ಸ್ಟಿಫ್ನರ್ (ಪ್ಯಾನೆಲ್ ಬಾಗದಂತೆ ಹಿಂಬದಿಗೆ ಹಾಕುವ ಪಟ್ಟಿ) ಕೂರಿಸುವಾಗ ಅತಿಯಾಗಿ ಒತ್ತಿದ್ದು, ಹಿಂಬದಿ ಮೇಲೆ ಬಿದ್ದ ಭಾರದ ಟೂಲು. ಉಬ್ಬು ಕಂಡರೆ ಪ್ಯಾನೆಲ್ ತಿರುಗಿಸಿ ಅದೇ ಜಾಗದ ಹಿಂಬದಿ ನೋಡಿ. ಕಾರಣ ಸಾಮಾನ್ಯವಾಗಿ ಅಲ್ಲೇ ಕೂತಿರುತ್ತದೆ.

ತಗ್ಗಿನ ವಿಷಯ ಅಷ್ಟು ಸರಳ ಅಲ್ಲ. ಗ್ರೂವ್ ಹೊಡೆಯುವುದು ಹಿಂಬದಿಯಿಂದ ತಾನೇ? ಅಂದರೆ ಬಣ್ಣದ ಮುಖ ರೂಟರ್ ಮೇಜಿಗೆ ಅಂಟಿಕೊಂಡು ಕೆಳಗಿರುತ್ತದೆ. ಮೇಲೆ ನಿಂತು ಕೆಲಸ ಮಾಡುವವರಿಗೆ ಮುಂಬದಿಯಲ್ಲಿ ಏನಾಗುತ್ತಿದೆ ಅಂತ ಕಾಣುವುದೇ ಇಲ್ಲ.

ಒಂದು ಕೆಲಸದಲ್ಲಿ ಬೂದು ಬಣ್ಣದ ಪ್ಯಾನೆಲ್‌ಗಳ ಮೇಲೆಲ್ಲ ಸೊಳ್ಳೆ ಕಚ್ಚಿದ ಹಾಗೆ ಸಣ್ಣ ಸಣ್ಣ ತಗ್ಗು ಬಂತು. ಪ್ರತಿ ಪ್ಯಾನೆಲ್‌ನಲ್ಲಿ ಐದಾರು. ಜಾಗ ಒಂದೇ ಅಲ್ಲ, ಎಲ್ಲೆಂದರಲ್ಲಿ. ಫಿಲ್ಮ್ ಎಲ್ಲೂ ಕತ್ತರಿಸಿರಲಿಲ್ಲ. ರೂಟರ್ ಹುಡುಗ ಪ್ರತಿ ಶೀಟಿಗೂ ಮೊದಲು ಏರ್ ಗನ್ನಿನಿಂದ ಮೇಜು ಊದುತ್ತಿದ್ದ. ಶ್ರದ್ಧೆಯಿಂದಲೇ ಊದುತ್ತಿದ್ದ. ಹಾಗಾಗಿ ಮೇಜಿನ ಮೇಲೆ ಯಾರಿಗೂ ಅನುಮಾನ ಇರಲಿಲ್ಲ. ಕೊನೆಗೆ ಊದಿದ ಮೇಜಿನ ಮೇಲೆ ಒಂದು ಕಪ್ಪು ಬಟ್ಟೆ ಹಾಸಿ ಹತ್ತು ನಿಮಿಷ ಸುಮ್ನೆ ಬಿಟ್ಟೆವು. ಬಟ್ಟೆ ಮೇಲೆ ಅಲ್ಯೂಮಿನಿಯಂ ಚೂರು ಮಿನುಗುತ್ತಿತ್ತು. ಊದಿದ ಚೂರು ಹೊರಗೆ ಹೋಗಿರಲಿಲ್ಲ. ಮೇಲೆ ಹಾರಿ ಮತ್ತೆ ಅಲ್ಲೇ ಇಳಿಯುತ್ತಿತ್ತು. ಮುಂದಿನ ಶೀಟನ್ನು ಅದರ ಮೇಲಿಟ್ಟು, ರೂಟರ್ ಒತ್ತಿದಾಗ ಚೂರು ಫಿಲ್ಮಿನ ಮೇಲಿಂದಲೇ ಬಣ್ಣದೊಳಕ್ಕೆ ಒತ್ತಿಕೊಳ್ಳುತ್ತಿತ್ತು.

ಆಮೇಲೆ ಏರ್ ಗನ್ನನ್ನು ಆ ಮೇಜಿನ ಹತ್ತಿರ ಇಡುವುದನ್ನೇ ಬಿಟ್ಟೆವು. ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು, ಸ್ವಲ್ಪ ಒದ್ದೆ ಬಟ್ಟೆಯಿಂದ ಒರೆಸುವುದು. ಶೀಟಿನ ಫಿಲ್ಮ್ ಮೇಲೂ ಒಮ್ಮೆ ಒರೆಸುವುದು. ಮೇಜಿನ ಮೇಲೆ ಹಾಕುವ ಎಂಡಿಎಫ್ ಹಲಗೆಯಲ್ಲಿ ಹಳೆ ಗ್ರೂವ್‌ಗಳು ತುಂಬಿದ್ದವು, ಚೂರು ಅಲ್ಲೂ ಅಡಗಿತ್ತು. ಹಲಗೆಯನ್ನೂ ಬದಲಾಯಿಸಿದೆವು. ಇನ್ನೊಂದು ವಿಷಯ ಆ ಹೊತ್ತಿನಲ್ಲೇ ಗಮನಕ್ಕೆ ಬಂತು. ಶೀಟನ್ನು ಮೇಜಿನ ಮೇಲೆ ಇಟ್ಟು ಸ್ಟಾಪರ್‌ವರೆಗೆ ಎಳೆಯುತ್ತಿದ್ದರು. ಎಳೆದರೆ ಚೂರು ತಗ್ಗು ಮಾಡುವುದಿಲ್ಲ, ಉದ್ದಕ್ಕೆ ಗೀರುತ್ತದೆ. ಇಬ್ಬರು ನಾಲ್ಕೂ ಮೂಲೆ ಎತ್ತಿ, ಜಾಗಕ್ಕೆ ಸರಿಯಾಗಿ ಇಳಿಸಬೇಕು. ಪ್ಯಾಲೆಟ್‌ನಿಂದ ತೆಗೆಯುವಾಗಲೂ ಇದೇ ಮಾತು. ಮೇಲಿನ ಶೀಟನ್ನು ಎಳೆದರೆ ಅದರ ಅಂಚು ಕೆಳಗಿನ ಶೀಟನ್ನು ಗೀರುತ್ತದೆ.

ಎಷ್ಟು ದೂರದಲ್ಲಿದೆ, ಯಾವ ಸೈಜಿನಲ್ಲಿದೆ

ಒಂದೇ ಪ್ಯಾನೆಲ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹತ್ತು ಪ್ಯಾನೆಲ್ ನೋಡಿ. ಪ್ರತಿಯೊಂದರಲ್ಲೂ ಗುರುತು ಕೆಳ ಅಂಚಿನಿಂದ ಎಷ್ಟು, ಪಕ್ಕದ ಅಂಚಿನಿಂದ ಎಷ್ಟು ಅಂತ ಬರೆಯಿರಿ. ಗುರುತಿಲ್ಲದ ಪ್ಯಾನೆಲ್‌ಗಳ ಸೈಜನ್ನೂ ಬರೆಯಿರಿ. ಈ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ.

ಒಮ್ಮೆ ಕಡು ಬೂದು ಮೆಟಾಲಿಕ್ ಪ್ಯಾನೆಲ್‌ಗಳ ಮೇಲೆ ಕೊಕ್ಕೆ ಆಕಾರದ ಸಣ್ಣ ಗೀರು ಬರುತ್ತಿತ್ತು. ಫಿಲ್ಮೂ ಕತ್ತರಿಸಿತ್ತು. ಅಳೆದರೆ ಎಲ್ಲವೂ ಪ್ಯಾನೆಲ್‌ನ ನಡುಮಧ್ಯೆ, ಉದ್ದನೆ ಅಂಚಿನಿಂದ ಒಂದೂವರೆ ಅಡಿ ಆಸುಪಾಸಿನಲ್ಲಿ. ಇನ್ನೂ ವಿಚಿತ್ರ ಅಂದರೆ ಗೀರು ಇದ್ದದ್ದು 900 x 1200ರ ಪ್ಯಾನೆಲ್‌ಗಳಲ್ಲಿ ಮಾತ್ರ. ದೊಡ್ಡ ಪ್ಯಾನೆಲ್ ಒಂದರಲ್ಲೂ ಇರಲಿಲ್ಲ. ದೊಡ್ಡದನ್ನು ಇಬ್ಬರು ಹೊರುತ್ತಾರೆ, ಸಣ್ಣದನ್ನು ಒಬ್ಬರೇ ತಬ್ಬಿ ಹೊರುತ್ತಾರೆ. ಒಬ್ಬ ಹುಡುಗನನ್ನು ಕರೆದು "ಇದನ್ನು ಟ್ರಾಲಿಗೆ ಒಯ್ಯಪ್ಪ" ಅಂದೆ. ಅವನು ಬಣ್ಣದ ಮುಖ ತನ್ನ ಮೈಕಡೆಗೆ ಮಾಡಿ ತಬ್ಬಿದ. ಹಿಂಬದಿಯಲ್ಲಿ ಸ್ಟಿಫ್ನರ್ ಇರುತ್ತದಲ್ಲ, ಅದು ಹೊಟ್ಟೆಗೆ ಚುಚ್ಚುತ್ತದೆ. ನುಣುಪಾದ ಕಡೆ ತಬ್ಬುವುದು ಯಾರಿಗಾದರೂ ಸಹಜ. ಗೀರಿನ ಜಾಗಕ್ಕೆ ಸರಿಯಾಗಿ ಅವನ ಬೆಲ್ಟಿನ ಬಕಲ್ ಇತ್ತು.

ಎಲ್ಲರಿಗೂ ದಪ್ಪ ಬಟ್ಟೆಯ ಏಪ್ರನ್ ಕೊಟ್ಟೆವು. ಕಡಗ, ಉಂಗುರ, ವಾಚು ತೆಗೆದಿಡುವುದಕ್ಕೆ ಬಾಗಿಲ ಹತ್ತಿರ ಬೀಗ ಇರುವ ಪೆಟ್ಟಿಗೆ ಇಟ್ಟೆವು. ಬೀಗ ಇಲ್ಲದಿದ್ದರೆ ಯಾರೂ ಉಂಗುರ ತೆಗೆಯುವುದಿಲ್ಲ, ತೆಗೆಯಬೇಕೂ ಇಲ್ಲ. ಗ್ಲೌಸ್ ಸ್ವಚ್ಛವಾಗಿರಬೇಕು. ಚೂರು ಚುಚ್ಚಿಕೊಂಡ ಹಳೆ ಗ್ಲೌಸ್ ಬರಿಗೈಗಿಂತ ಕೆಟ್ಟದ್ದು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಗೀರು ಮಾಡಿದವರಿಗೆ ದಂಡ ಹಾಕುವ ಪದ್ಧತಿ ಕೆಲವು ಕಡೆ ಇದೆ. ದಯವಿಟ್ಟು ಬೇಡ. ದಂಡ ಶುರುವಾದ ದಿನವೇ ಗೀರು ಮುಚ್ಚಿಡುವುದೂ ಶುರುವಾಗುತ್ತದೆ. ಆ ಪ್ಯಾನೆಲ್ ಬಂಡಲಿನ ನಡುವೆ ಸೇರಿ ಸೈಟ್ ಮುಟ್ಟುತ್ತದೆ. ಶೆಡ್ಡಿನಲ್ಲೇ ಗೊತ್ತಾಗಿದ್ದರೆ ಒಂದು ಶೀಟಿನ ನಷ್ಟ. ಐದನೇ ಮಹಡಿಯಲ್ಲಿ ಗೊತ್ತಾದರೆ ಗೊಂಡೋಲಾ (ಗೋಡೆ ಪಕ್ಕ ತೂಗುಬಿಡುವ ಕೆಲಸದ ತೊಟ್ಟಿಲು), ಕೂಲಿ, ಸೀಲೆಂಟ್, ಸಾಗಣೆ ಎಲ್ಲ ಸೇರುತ್ತದೆ. ತಾನಾಗೇ ಬಂದು ಹೇಳಿದವರಿಗೆ ಶಭಾಷ್ ಅನ್ನಿ. ನಮ್ಮ ಶೆಡ್ಡಿನಲ್ಲಿ ಒಡಿಶಾದ ಹುಡುಗರಿದ್ದಾರೆ, ಬಿಹಾರದವರಿದ್ದಾರೆ, ರಾಯಚೂರು ಕಡೆಯವರಿದ್ದಾರೆ. ಗೋಡೆ ಮೇಲೆ ಬರೆದ ಸೂಚನೆ ಎಲ್ಲರಿಗೂ ಓದಲು ಬರುವುದಿಲ್ಲ. ಹಾಳಾದ ಪ್ಯಾನೆಲ್‌ನ ಒಂದು ತುಂಡನ್ನು, ಅದನ್ನು ಹಾಳು ಮಾಡಿದ ಬಕಲ್ ಅಥವಾ ಚೂರಿನ ಜೊತೆ, ಆ ಮೇಜಿನ ಪಕ್ಕದಲ್ಲೇ ನೇತುಹಾಕಿ. ಅದು ಎಲ್ಲ ಭಾಷೆಯಲ್ಲೂ ಅರ್ಥವಾಗುತ್ತದೆ.

ಒಂದು ಶೀಟಿನ ಹಿಂದೆ ಹೋಗಿ

ಅಳತೆಯಿಂದಲೂ ಗೊತ್ತಾಗಲಿಲ್ಲ ಅಂದರೆ ಒಂದು ಉಪಾಯ ಇದೆ. ಒಂದು ಹೊಸ ಶೀಟ್ ಆರಿಸಿ. ಪ್ಯಾಲೆಟ್‌ನಲ್ಲೇ ಟಾರ್ಚ್ ಹಾಕಿ ನೋಡಿ. ಕಟಿಂಗ್ ಆದ ಮೇಲೆ ನೋಡಿ. ರೂಟರ್ ಆದ ಮೇಲೆ, ಮಡಿಚಿದ ಮೇಲೆ, ರಿವೆಟ್ ಆದ ಮೇಲೆ, ಟ್ರಾಲಿಯಲ್ಲಿಟ್ಟು ತೆಗೆದ ಮೇಲೆ, ಹೀಗೆ ಪ್ರತಿ ಹಂತದಲ್ಲೂ ನೋಡಿ. ಗುರುತು ಮೊದಲು ಕಂಡ ಹಂತಕ್ಕೂ ಅದರ ಹಿಂದಿನ ಹಂತಕ್ಕೂ ನಡುವೆ ಕಾರಣ ಇದೆ. ಅರ್ಧ ದಿನ ಹೋಗುತ್ತದೆ, ನಿಜ. ನೀವು ನೋಡುತ್ತಿದ್ದೀರಿ ಅಂತ ಎಲ್ಲರೂ ಎಚ್ಚರದಿಂದ ಹಿಡಿಯುತ್ತಾರೆ ಅನ್ನುವುದೂ ನಿಜ. ಹಾಗಾಗಿ ಎರಡನೇ, ಮೂರನೇ ಶೀಟನ್ನೂ ನೋಡಿ. ಮೂರನೆಯದಕ್ಕೆ ಎಲ್ಲರೂ ಮಾಮೂಲಿಗೆ ಬಂದಿರುತ್ತಾರೆ.

ಈ ರೀತಿ ಹಿಂದೆ ಹೋದಾಗ ನನಗೆ ಹೆಚ್ಚು ಸಲ ಸಿಕ್ಕಿಬಿದ್ದದ್ದು ಯಾವ ಯಂತ್ರವೂ ಅಲ್ಲ, ಟ್ರಾಲಿ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪ್ಯಾನೆಲ್ ಒಯ್ಯುವ ಒರಗು ಟ್ರಾಲಿ. ಗೀರಬಾರದು ಅಂತ ಅದಕ್ಕೆ ಕಾರ್ಪೆಟ್ ಸುತ್ತಿರುತ್ತಾರೆ. ಒಂದು ತಿಂಗಳಲ್ಲಿ ಆ ಕಾರ್ಪೆಟ್ ತುಂಬ ಚೂರು ಸಿಕ್ಕಿಕೊಂಡು ಸ್ಯಾಂಡ್ ಪೇಪರ್ ಆಗಿರುತ್ತದೆ. ನೋಡಲು ಮೆತ್ತಗೇ ಇರುತ್ತದೆ. ಅಂಗೈಯಿಂದ ಒತ್ತಿ ನೋಡಿದರೆ ಚುಚ್ಚುತ್ತದೆ. ಪ್ಯಾನೆಲ್ ಮೇಲೆ ಅಕ್ಕಪಕ್ಕದಲ್ಲಿ ನೂರಾರು ತೆಳು ಗೆರೆ, ಎಲ್ಲವೂ ಒಂದೇ ದಿಕ್ಕಿನಲ್ಲಿ, ಅದೂ ಟ್ರಾಲಿಯ ಅಡ್ಡಪಟ್ಟಿ ಇರುವ ಎತ್ತರದಲ್ಲೇ ಇದ್ದರೆ ಟ್ರಾಲಿಯೇ ಕಾರಣ. ನಾವು ಕಾರ್ಪೆಟ್ ಬಿಟ್ಟು ಒರೆಸಿದರೆ ಸ್ವಚ್ಛವಾಗುವ ಫೋಮ್ ಪಟ್ಟಿಗೆ ಬಂದೆವು. ಕಪ್ಪು ರಬ್ಬರ್ ಹಾಕಬೇಡಿ. ತಿಳಿ ಬಣ್ಣದ ಪ್ಯಾನೆಲ್ ಅದಕ್ಕೆ ತಾಗಿ ನಿಂತರೆ ಕಂದು ಕಲೆ ಹಿಡಿಯುತ್ತದೆ, ಒರೆಸಿದರೂ ಹೋಗುವುದಿಲ್ಲ.

ಮಡಿಕೆಯಲ್ಲಿ ಬಿರುಕು

ಮಡಿಚಿದ ಅಂಚಿನಲ್ಲಿ ಬಣ್ಣ ಬಿರಿದರೆ ಎಲ್ಲರೂ ಬಣ್ಣವನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಗ್ರೂವ್ ಆಳದ್ದು. ಗ್ರೂವ್ ಹೊಡೆದ ಮೇಲೆ ಮುಂಬದಿ ಹಾಳೆಯ 0.5 ಮಿಮೀ, ಅದರ ಮೇಲೆ ಕೋರ್ ಸುಮಾರು 0.3 ಮಿಮೀ, ಒಟ್ಟು 0.8 ಮಿಮೀ ಉಳಿಯಬೇಕು. ಕೋರ್ ಉಳಿಯದೆ ರೂಟರ್‌ನ ಬಿಟ್ (ಕೊರೆಯುವ ತುದಿ) ಅಲ್ಯೂಮಿನಿಯಂಗೇ ತಾಗಿದ್ದರೆ ಮಡಿಚಿದಾಗ ಹಾಳೆ ಅಲ್ಲೇ ಸೀಳುತ್ತದೆ. ವೇಸ್ಟ್ ತುಂಡಿನ ಮೇಲೆ ಗ್ರೂವ್ ಹೊಡೆದು, ಅಡ್ಡ ಕತ್ತರಿಸಿ, ವರ್ನಿಯರ್‌ನಿಂದ ಅಳೆಯಿರಿ. ಬಿರುಕು ಮೇಜಿನ ಒಂದು ಕಡೆ ಹೊಡೆದ ಗ್ರೂವ್‌ನಲ್ಲಿ ಮಾತ್ರ ಬರುತ್ತಿದ್ದರೆ ಮೇಜು ಮಟ್ಟವಾಗಿಲ್ಲ. ಎಲ್ಲ ಕಡೆ ಬಂದರೆ ಬಿಟ್ ಸೆಟ್ಟಿಂಗ್ ತಪ್ಪಿದೆ. ಅಲ್ಲಲ್ಲಿ, ಯಾವುದೋ ಒಂದೊಂದು ಪ್ಯಾನೆಲ್‌ನಲ್ಲಿ ಬಂದರೆ ಕೈಕೆಲಸ ನೋಡಿ. ಅಳತೆ ತಪ್ಪಿತು ಅಂತ ಮಡಿಚಿದ್ದನ್ನು ಬಿಚ್ಚಿ ಮತ್ತೆ ಮಡಿಚಿರುತ್ತಾರೆ. ಅಲ್ಯೂಮಿನಿಯಂ ಹಾಳೆಯನ್ನು ಅಲ್ಲಿ ಒಮ್ಮೆ ಮಾತ್ರ ಮಡಿಚಬಹುದು.

ಗೀರೂ ಅಲ್ಲ, ನೆಗ್ಗೂ ಅಲ್ಲ

ಫಿಲ್ಮ್ ಮೇಲೆ ಬಳೆಯ ಹಾಗೆ ಗುಂಡಗೆ ಗುರುತು ಇದ್ದರೆ ವ್ಯಾಕ್ಯೂಮ್ ಕಪ್. ಕಪ್ಪಿನ ಅಂಚಿಗೆ ಮರಳು ಅಂಟಿರುತ್ತದೆ. ಒರೆಸಿದರೆ ಸಾಕು.

ಪ್ಯಾನೆಲ್ ಕಳಿಸಿದಾಗ ಚೆನ್ನಾಗಿತ್ತು, ಒಂದು ಮಳೆ ಬಿದ್ದ ಮೇಲೆ ಕಂದು ಚುಕ್ಕೆ ಎದ್ದಿತು ಅಂದರೆ ಪಕ್ಕದಲ್ಲಿ ಯಾರೋ ಕಬ್ಬಿಣದ ಬ್ರಾಕೆಟ್ ಗ್ರೈಂಡ್ ಮಾಡಿದ್ದಾರೆ. ಗ್ರೈಂಡರ್ ಕಿಡಿ ಅಂದರೆ ಕಾದ ಕಬ್ಬಿಣದ ಚೂರು. ಅದು ಫಿಲ್ಮನ್ನು ಕರಗಿಸಿ ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ, ಆಮೇಲೆ ತುಕ್ಕು ಹಿಡಿಯುತ್ತದೆ. ಫಿಲ್ಮನ್ನು ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂಥ ತೂತು ಕಾಣುತ್ತದೆ. ಗಾಜು ಕೂರಿಸಿದ ಪ್ಯಾನೆಲ್‌ಗಳ ಹತ್ತಿರ ಇದು ಇನ್ನೂ ಅಪಾಯ, ಕಿಡಿ ಗಾಜಿನೊಳಕ್ಕೇ ಕಚ್ಚುತ್ತದೆ. ಕಬ್ಬಿಣದ ಕೆಲಸವನ್ನು ಶೆಡ್ಡಿನ ಇನ್ನೊಂದು ತುದಿಗೆ ಹಾಕಿ, ನಡುವೆ ತಗಡಿನ ಅಡ್ಡಗೋಡೆ ನಿಲ್ಲಿಸಿ. ಪರದೆ ಬಟ್ಟೆ ಸಾಲದು.

ಮಾರ್ಕರ್ ಪೆನ್ನು, ಅಂಟು ಟೇಪು, ಸ್ಟಿಕರ್ ಇವುಗಳನ್ನು ಬಣ್ಣದ ಮೇಲೆ ನೇರವಾಗಿ ಹಾಕಬಾರದು. ಅವುಗಳಲ್ಲಿರುವ ಸಾಲ್ವೆಂಟು, ಪ್ಲಾಸ್ಟಿಕ್ ಮೆತ್ತಗಾಗಿಸುವ ರಾಸಾಯನಿಕ ಬಣ್ಣಕ್ಕೆ ಇಳಿಯುತ್ತದೆ. ಪ್ಯಾನೆಲ್ ನಂಬರ್ ಬರೆಯುವುದಿದ್ದರೆ ಹಿಂಬದಿಯಲ್ಲಿ ಬರೆಯಿರಿ.

ಎರಡು ಪ್ಯಾನೆಲ್ ಅಕ್ಕಪಕ್ಕ ಹಾಕಿದಾಗ ಒಂದು ಕಪ್ಪಾಗಿ, ಒಂದು ಬಿಳಿಚಾಗಿ ಕಂಡರೆ, ಅದೂ ಒಂದು ಕಡೆಯಿಂದ ನೋಡಿದಾಗ ಮಾತ್ರ ಹಾಗೆ ಕಂಡರೆ, ಅದು ಏಟಲ್ಲ. ಮೆಟಾಲಿಕ್ ಬಣ್ಣಕ್ಕೆ ದಿಕ್ಕಿದೆ. ಫಿಲ್ಮ್ ಮೇಲೆ ಬಾಣದ ಗುರುತು ಇರುವುದು ಅದಕ್ಕೇ. ಕಟಿಂಗ್‌ನಲ್ಲಿ ಶೀಟ್ ಉಳಿಸಲು ಒಂದು ತುಂಡನ್ನು ಅಡ್ಡ ತಿರುಗಿಸಿದ್ದಾರೆ. ಇದಕ್ಕೆ ಬದಲಿ ಪ್ಯಾನೆಲ್ ಬಿಟ್ಟು ಬೇರೆ ದಾರಿ ಇಲ್ಲ. ಕಟಿಂಗ್ ಆದ ಮೇಲೆ ಪ್ರತಿ ತುಂಡಿನ ಹಿಂಬದಿಯಲ್ಲೂ ಬಾಣ ಬರೆಯುವ ಅಭ್ಯಾಸ ಮಾಡಿ.

ಫಿಲ್ಮ್ ಬಿಡಿಸಲು ಬರುತ್ತಿಲ್ಲ, ಅಂಟು ಉಳಿಯುತ್ತಿದೆ ಅನ್ನುವ ದೂರೂ ಶೆಡ್ಡಿಗೇ ಬರುತ್ತದೆ. ಕಾರಣ ಬಿಸಿಲು ಮತ್ತು ಕಾಲ. ಹಾಕಿದ ಮೇಲೆ 45 ದಿನದೊಳಗೆ ತೆಗೆಯಿರಿ ಅಂತ ಅನೇಕ ತಯಾರಕರು ಹೇಳುತ್ತಾರೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಗೋದಾಮಿನಲ್ಲಿ ಇಡುವುದೂ ಒಳ್ಳೆಯದಲ್ಲ. ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆ ಬಟ್ಟೆಯಿಂದ, ಮೊದಲು ಮೂಲೆಯಲ್ಲಿ ಪರೀಕ್ಷಿಸಿ, ನಿಧಾನವಾಗಿ ತೆಗೆಯಿರಿ. ಥಿನ್ನರ್ ಬೇಡವೇ ಬೇಡ.

ಲಾರಿ

ಪೀಣ್ಯದಿಂದ ವೈಟ್‌ಫೀಲ್ಡ್‌ಗೆ ಹೋಗುವಷ್ಟರಲ್ಲಿ ಎಷ್ಟು ಹಂಪ್ಸ್, ಎಷ್ಟು ಗುಂಡಿ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಮಡಿಚದ ಶೀಟ್‌ಗಳನ್ನು ಮಲಗಿಸಿ ಕಳಿಸಬಹುದು, ಅವುಗಳ ನಡುವೆ ಏನೂ ಇಡಬಾರದು. ಇಟ್ಟ ಕಾಗದ, ಥರ್ಮೋಕೋಲ್ ಎಲ್ಲದರ ಅಚ್ಚು ಬೀಳುತ್ತದೆ. ಕ್ಯಾಸೆಟ್ ಆದ ಮೇಲೆ ಇದು ತಲೆಕೆಳಗು. ನಿಲ್ಲಿಸಿಯೇ ಕಳಿಸಬೇಕು, ಪ್ರತಿ ಎರಡರ ನಡುವೆ ಫೋಮ್ ಇರಬೇಕು, ಮುಖಕ್ಕೆ ಮುಖ ಬರಬೇಕು. ಒಂದರ ಹಿಂಬದಿಯ ರಿವೆಟ್ ಇನ್ನೊಂದರ ಮುಖಕ್ಕೆ ತಾಗಿ ಬಂದ ಪ್ಯಾನೆಲ್ ನೋಡಿದರೆ ಹೊಟ್ಟೆ ಉರಿಯುತ್ತದೆ. ರಿವೆಟ್ ಇರುವಷ್ಟೇ ಅಂತರದಲ್ಲಿ ಸಾಲಾಗಿ ತಗ್ಗು. ಅಳೆದರೆ ಸಾಕು, ಕಾರಣ ಅನುಮಾನವಿಲ್ಲದೆ ಸಿಗುತ್ತದೆ.

ಮೂಲೆ ಮುರಿದು ಬಂದರೆ ಬೆಲ್ಟ್ ನೋಡಿ. ಲಾರಿಯವರು ಬೆಲ್ಟನ್ನು ಜೀಕಿ ಬಿಗಿಯುತ್ತಾರೆ, ಪ್ಯಾನೆಲ್ ಬಿದ್ದೀತು ಅನ್ನುವ ಭಯ ಅವರಿಗೆ. ಬೆಲ್ಟ್ ಹಾಯುವ ಪ್ರತಿ ಮೂಲೆಗೂ ಮರದ ಅಥವಾ ಗಟ್ಟಿ ರಟ್ಟಿನ ಕೋನ ಇಡಿ. ಬಿಗಿ ಅದರ ಮೇಲೆ ಬೀಳಲಿ. ಅಲ್ಯೂಮಿನಿಯಂ ಪ್ರೊಫೈಲ್‌ಗಳನ್ನು ಜೊತೆಯಲ್ಲಿ ಕಳಿಸುವುದಾದರೆ ಬಂಡಲಿನೊಳಗೆ ಒಂದೊಂದಕ್ಕೂ ಫೋಮ್ ಬೇಕು. ದಾರಿಯುದ್ದಕ್ಕೂ ಒಂದಕ್ಕೊಂದು ಉಜ್ಜಿ ಕಪ್ಪು ಗುರುತು ಬೀಳುತ್ತದೆ.

ಮಳೆಗಾಲದಲ್ಲಿ ತಾಡಪಾಲನ್ನು ಬಿಗಿಯಾಗಿ ಸುತ್ತಿ ದಿನಗಟ್ಟಲೆ ಬಿಡಬೇಡಿ. ಒಳಗೆ ನೀರು ಬೆವರುತ್ತದೆ. ಒಂದಕ್ಕೊಂದು ಅಂಟಿದ ಹಸಿ ಶೀಟ್‌ಗಳ ಅಂಚಿನಲ್ಲಿ, ಹಿಂಬದಿಯಲ್ಲಿ ಬಿಳಿ ಕಲೆ ಕಟ್ಟುತ್ತದೆ.

ಹಾಳಾದದ್ದನ್ನು ಏನು ಮಾಡುವುದು

ಪ್ರತಿ ಗುರುತಿಗೂ ಪ್ಯಾನೆಲ್ ಎಸೆಯಬೇಕಾಗಿಲ್ಲ. ಎಎಎಂಎ 2605 ಅನ್ನುವ ಅಮೆರಿಕದ ಬಣ್ಣದ ಮಾನದಂಡದ ಪ್ರಕಾರ ಬಣ್ಣದ ಮೇಲ್ಮೈಯನ್ನು 10 ಅಡಿ ದೂರದಿಂದ, ನೇರಕ್ಕೆ ನಿಂತು ನೋಡಬೇಕು. ಯುರೋಪಿನ ಇಂಥದ್ದೇ ಮಾನದಂಡ ಕ್ವಾಲಿಕೋಟ್, ಹೊರಗಡೆ ಬಳಸುವ ಭಾಗಗಳ ಬಣ್ಣ, ಹೊಳಪನ್ನು 5 ಮೀಟರ್ ದೂರದಿಂದ ನೋಡಿ ಅನ್ನುತ್ತದೆ. ಆದರೆ ಲೋಹದವರೆಗೆ ಇಳಿದ ಗೀರನ್ನು ಅದೂ ಒಪ್ಪುವುದಿಲ್ಲ. ಉಗುರು ಅಡ್ಡ ಎಳೆಯಿರಿ. ಉಗುರು ಸಿಕ್ಕಿಕೊಂಡು, ಒಳಗೆ ಬೆಳ್ಳಿ ಬಣ್ಣ ಕಂಡರೆ ಆ ಪ್ಯಾನೆಲ್ ಬೇಡ. ಯಾವ ಅಳತೆಯಿಂದ ನೋಡುವುದು ಅಂತ ಕೆಲಸ ಶುರುವಾಗುವ ಮೊದಲೇ ಆರ್ಕಿಟೆಕ್ಟ್ ಹತ್ತಿರ ಬರೆಸಿಕೊಳ್ಳಿ.

ಟಚ್ ಅಪ್ ಪೇಂಟನ್ನು ನಾನು ಹೆಚ್ಚು ನಂಬುವುದಿಲ್ಲ. ಫ್ಯಾಕ್ಟರಿಯ ಪಿವಿಡಿಎಫ್ ಬಣ್ಣ 230 ಡಿಗ್ರಿಗೂ ಹೆಚ್ಚು ಶಾಖದಲ್ಲಿ ಬೆಂದದ್ದು. ಬ್ರಶ್‌ನಲ್ಲಿ ಹಚ್ಚಿದ್ದು ಗಾಳಿಗೆ ಒಣಗಿದ್ದು. ಹಚ್ಚಿದ ದಿನ ಒಂದೇ ಥರ ಕಾಣುತ್ತದೆ, ಬಿಸಿಲಿಗೆ ಬೇರೆ ಬೇರೆಯಾಗಿ ಮಾಸುತ್ತವೆ. ಕಾಣದ ಮಡಿಕೆಯ ಅಂಚಿಗೆ ಚುಕ್ಕೆಯಷ್ಟು ಹಚ್ಚಿ, ಮುಖಕ್ಕೆ ಬೇಡ. ಹಾಗಾಗಿ ಶೀಟ್ ಆರ್ಡರ್ ಕೊಡುವಾಗಲೇ ಅದೇ ಲಾಟಿನ ಕೆಲವು ಶೀಟ್ ಜಾಸ್ತಿ ತರಿಸಿಡಿ, ಬೇರೆ ಲಾಟಿನದ್ದು ಬಣ್ಣ ಕೂಡುವುದಿಲ್ಲ. ನೆಗ್ಗಿದ ದೊಡ್ಡ ಶೀಟನ್ನು ಗುಜರಿಗೆ ಹಾಕುವ ಮೊದಲು ಕಟಿಂಗ್ ಪಟ್ಟಿ ನೋಡಿ, ಅದರಲ್ಲಿ ಒಂದಾದರೂ ಸಣ್ಣ ತುಂಡು ಬಂದೀತು.

ಇನ್ನು ಆ ಸಂಜೆಯ ಫೋನು. ಲಾರಿ ಸೈಟ್ ಮುಟ್ಟಿದ ದಿನವೇ ನಮ್ಮ ಕಡೆಯವರೊಬ್ಬರು, ಅವರ ಕಡೆಯವರೊಬ್ಬರು ಸೇರಿ ಹತ್ತು ಪ್ಯಾನೆಲ್‌ಗೆ ಒಂದರಂತೆ ಆರಿಸುತ್ತೇವೆ. ಒಂದು ಮೂಲೆಯ ಫಿಲ್ಮ್ ಎತ್ತಿ, ಟಾರ್ಚ್ ಹಾಕಿ ನೋಡುತ್ತೇವೆ, ಎತ್ತಿದ್ದನ್ನು ಕತ್ತರಿಸಿ ಅಲ್ಲಿಗೆ ಹೊಸ ಫಿಲ್ಮ್ ಹಾಕುತ್ತೇವೆ. ಉಳಿದ ಪ್ಯಾನೆಲ್‌ಗಳ ಫಿಲ್ಮ್ ಕತ್ತರಿಸಿದೆಯಾ ಅಂತ ಹೊರಗಿನಿಂದಲೇ ನೋಡುತ್ತೇವೆ. ಫೋಟೋ ತೆಗೆದು, ಪ್ಯಾನೆಲ್ ನಂಬರ್ ಬರೆದು, ಇಬ್ಬರೂ ಚಲನ್ ಹಿಂಬದಿಯಲ್ಲಿ ಸಹಿ ಹಾಕುತ್ತಾರೆ. ಒಂದು ಲೋಡಿಗೆ ಮುಕ್ಕಾಲು ಗಂಟೆ ಬೇಕು. ಲಾರಿ ಡ್ರೈವರಿಗೆ ಅಷ್ಟು ಹೊತ್ತು ಕಾಯಬೇಕಾಗುತ್ತದೆ ಅಂತ ಬೆಳಿಗ್ಗೆಯೇ ಹೇಳಿ ಕಳಿಸಿ.